ಪುಂಡಿ ಹಗ್ಗದ ಎರಡು ತುದಿ

ಪುಂಡಿ ಕೊಳೆಯುವ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೇಸಿಗೆಯಲ್ಲ, ಸಿಟ್ಟು. ಹೋದ ಕಾರ್ತಿಕದಲ್ಲಿ ಇಂಡಿಯಿಂದ ಸಾಲೋಟಗಿ ಕಡೆಗೆ ಟೆಂಪೋದಲ್ಲಿ ಹೊರಟಿದ್ದೆ. ದಾರಿ ಬದಿಯ ಹಳ್ಳದಲ್ಲಿ ಯಾರೋ ಪುಂಡಿ ಕಟ್ಟಿಗೆಯ ಹೊರೆಗಳನ್ನು ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಹಾಕಿದ್ದರು. ಈಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಹಗ್ಗ. ಪುಂಡಿಯ ಎಲೆ ಪಲ್ಯಕ್ಕೆ, ಕಟ್ಟಿಗೆ ಒಲೆಗೆ, ಅಲ್ಲಿಗೆ ಮುಗಿಯಿತು. ನಾರು ಸುಲಿದು ಹಗ್ಗ ಹೊಸೆಯುವ ಕೆಲಸ ನಿಂತೇ ಹೋಗಿದೆ ಅಂದುಕೊಂಡಿದ್ದೆ, ಯಾರೋ ಒಬ್ಬ ಹಟಮಾರಿ ಉಳಿದಿದ್ದಾನೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ನಾತರೀ ಯಕ್ಕಾ, ಹೆಣ ಬಿದ್ದಾಂಗ," ಅಂದಳು.

ಅದು ೧೯೭೪ರ ವಾಸನೆ. ಆ ವರ್ಷದ ಮಳೆ, ಆ ವರ್ಷದ ಗುಡ್ಡ, ಆ ವರ್ಷ ನನ್ನ ಎರಡು ಕಿವಿಗೆ ಬಿದ್ದ ಇಬ್ಬರು ಗಂಡಸರ ಮಾತು, ಯಾವುದನ್ನೂ ನಾನಿನ್ನೂ ಕ್ಷಮಿಸಿಲ್ಲ. ಹಳೆಯ ನೆನಪು ಸಿಹಿಯಾಗಿರುತ್ತದೆ ಎನ್ನುವವರಿಗೆ ಜಗಳವಾಡುವ ಗಂಡ ಮತ್ತು ಅಣ್ಣ ಇಬ್ಬರೂ ಏಕಕಾಲಕ್ಕೆ ಇದ್ದಿರಲಿಕ್ಕಿಲ್ಲ.

ನನ್ನ ತವರು ಸಾಲೋಟಗಿ ಹತ್ತಿರದ ಒಂದು ಸಣ್ಣ ಹಳ್ಳಿ. ಎರೆ ಭೂಮಿ. ಕಣ್ಣು ಹಾಯಿಸಿದಷ್ಟು ದೂರ ಕರಿಮಣ್ಣು. ಎತ್ತರದ್ದು ಏನಾದರೂ ನೋಡಬೇಕೆಂದರೆ ಯಾರದಾದರೂ ಕಣಿಕೆ ಬಣವೆ ನೋಡಬೇಕು. ಅಲ್ಲಿ ಹುಟ್ಟಿ ಏಳನೆಯ ಇಯತ್ತೆ ಮುಗಿಸಿದವಳನ್ನು ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ಆಚೆ, ಒಂದು ಕಲ್ಲಿನ ಊರಿಗೆ ಕೊಟ್ಟರು. ಬಂದ ದಿನವೇ ನನಗೆ ಆ ಊರು ಆಗಿಬರಲಿಲ್ಲ. ಹೊಲದಲ್ಲಿ ಕಲ್ಲು, ದಾರಿಯಲ್ಲಿ ಕಲ್ಲು, ಅಕ್ಕಿಯಲ್ಲಿ ಕಲ್ಲು. ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತರೆ ಬೆನ್ನ ಹಿಂದೆ ಬೀರದೇವರ ಗುಡ್ಡ ನಿಂತು ನೋಡುತ್ತಿತ್ತು.

ಆ ಗುಡ್ಡದ ಅರ್ಧದವರೆಗೆ ಕುರಿ ಮೇಯುವ ಇಳಿಜಾರು. ಅದರ ಮೇಲೆ ಒಂದೇ ಬಂಡೆ, ನೆಟ್ಟಗೆ, ನಾಲ್ಕೂ ಕಡೆ ಬೋಳು. ಬಂಡೆಯ ನೆತ್ತಿಯಲ್ಲಿ ದೇವರ ಕಲ್ಲು, ಅದರ ಮುಂದೆ ದೀಪದ ಗೂಡು. ಮೇಲೆ ಹೋಗಲು ಇದ್ದದ್ದು ಒಂದೇ ದಾರಿ. ಮೂಡಣ ಮೈಯಲ್ಲಿ ಬುಡದಿಂದ ನೆತ್ತಿಯವರೆಗೆ ಬಂಡೆ ಸೀಳಿಕೊಂಡಿತ್ತು. ಊರವರು ಅದಕ್ಕೆ ಬಿರುಕು ಅಂತಲೇ ಅನ್ನುತ್ತಿದ್ದರು. ಕೆಳಗೆ ಅದರೊಳಗೆ ಅರ್ಧ ಮೈ ತೂರುತ್ತಿತ್ತು. ನಡುವೆ ಕೈ ಹಿಡಿಯುವಷ್ಟು ಸಂದು. ಅಂಗೈ ಒಳಗೆ ತೂರಿಸಿ ಹೆಬ್ಬೆರಳು ಮಡಚಿ ಉಬ್ಬಿಸಿದರೆ ಕೈ ಅಲ್ಲೇ ಕಚ್ಚಿಕೊಳ್ಳುತ್ತಿತ್ತು, ಕಾಲನ್ನು ಓರೆಯಾಗಿ ತೂರಿಸಿ ತಿರುಚಿದರೆ ಕಾಲೂ ಹಾಗೆಯೇ. ಚರ್ಮ ಉಳಿಯುತ್ತಿರಲಿಲ್ಲ. ದಾರಿಯಲ್ಲಿ ಎರಡು ಗುಂಡುಗಲ್ಲು ಯಾವ ಕಾಲದಲ್ಲೋ ಬಿದ್ದು ಬಿರುಕಿನಲ್ಲಿ ಸಿಕ್ಕಿಕೊಂಡಿದ್ದವು. ಕೆಳಗಿನದು ಅತ್ತಿಕಲ್ಲು, ಮೇಲಿನದು ಸೊಸಿಕಲ್ಲು. ಸೊಸಿಕಲ್ಲಿನ ಮೇಲೆ ಬಂಡೆ ಮುಂದಕ್ಕೆ ಉಬ್ಬಿತ್ತು. ಅದನ್ನು ಹೊಟ್ಟಿ ಅನ್ನುತ್ತಿದ್ದರು. ಹೊಟ್ಟಿಯ ಹತ್ತಿರ ಬಿರುಕು ಬೆರಳಷ್ಟೇ ಹಿಡಿಯುವಂತೆ ಕಿರಿದಾಗುತ್ತಿತ್ತು. ಏರಲು ಆಗದ್ದೇನಲ್ಲ, ಆದರೆ ಏರುವವನ ಲಕ್ಷ್ಯ ಬೇರೆ ಕಡೆ ಹೋದರೆ ಕ್ಷಮಿಸುವ ಕಲ್ಲಲ್ಲ.

ನನ್ನ ಗಂಡನ ಮನೆಯವರು ಆ ದೇವರ ಪೂಜಾರಿಗಳು. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ದಿನ ಮನೆತನದ ಒಬ್ಬ ಗಂಡಸು ಬಿರುಕು ಹಿಡಿದು ಏರಿ ದೀಪ ಹಚ್ಚಬೇಕು. ಮದುವೆಯಾದವನೇ ಏರಬೇಕು, ಯಾಕೆಂದರೆ ಹಗ್ಗ ಅವನ ಹೆಂಡತಿಯ ತವರಿನಿಂದ ಬರಬೇಕು. ಹಗ್ಗದ ಒಂದು ತುದಿ ಏರುವವನ ಸೊಂಟಕ್ಕೆ, ಇನ್ನೊಂದು ತುದಿ ಕೆಳಗೆ ನಿಂತ ಹೆಂಡತಿಯ ಅಣ್ಣನ ಇಲ್ಲವೇ ತಮ್ಮನ ಕೈಗೆ. ಏರುವವನು ಸಿಕ್ಕಿಕೊಂಡ ಕಲ್ಲಿನ ಹತ್ತಿರ ಬಂದಾಗ ಸೊಂಟದ ಗಂಟು ಬಿಚ್ಚಿ, ಹಗ್ಗವನ್ನು ಕಲ್ಲಿನ ಹಿಂದಿನಿಂದ ತೂರಿಸಿ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಆಮೇಲೆ ಜಾರಿದರೆ ಕೆಳಗಿನವನು ಹಿಡಿದ ಹಗ್ಗ ಆ ಕಲ್ಲಿಗೆ ತಗುಲಿ ಅವನನ್ನು ತಡೆಯಬೇಕು. ಕೆಳಗಿನವನು ಹಿಡಿದರೆ ಮಾತ್ರ.

ನಮ್ಮ ಮನೆಯವರ ಹೆಸರು ಸಿದ್ದಪ್ಪ. ಅವರಿದ್ದಾಗ ಆ ಹೆಸರು ನನ್ನ ಬಾಯಿಂದ ಬರಲಿಲ್ಲ, ಈಗ ಬರೆಯಲು ಅಡ್ಡಿಯಿಲ್ಲ. ನನ್ನ ಅಣ್ಣ ಮಾಳಪ್ಪ. ಮದುವೆಯಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದರು. ಆ ತಾಟಿಗೆ ಹುಳಿ ಹಿಂಡಿದ್ದು ಆ ವರ್ಷದ ಮಳೆ.

ಹಸ್ತಿ ಮಳೆ ಹಿಡಿದದ್ದು ಬಿಡಲಿಲ್ಲ. ಎರೆಯ ರಾಡಿಯಲ್ಲಿ ನಿಂತ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೇ ಅಣ್ಣ ಸುಗ್ಗಿ ಮುಗಿಯುವವರೆಗೆ ಕಾಯದೆ ಹಿಂಡು ಹೊಡೆದುಕೊಂಡು ಸಿಂದಗಿ ದಾಟಿ, ಬಸವನ ಬಾಗೇವಾಡಿ ಸೀಮೆ ಹಾದು, ನಮ್ಮ ಕಲ್ಲುನೆಲಕ್ಕೆ ಬಂದ. ಹೊಲದಲ್ಲಿ ಸಜ್ಜೆ ಇನ್ನೂ ನಿಂತಿತ್ತು. ಹಸಿದ ಕುರಿ ಯಾರ ಮಾತು ಕೇಳುತ್ತದೆ? ಒಂದು ಮುಂಜಾನೆ ಹಿಂಡು ಸಜ್ಜೆಗೆ ನುಗ್ಗಿತು. ಆ ವರ್ಷ ಊರಿನ ಬೆಳೆ ಕಾಯುವ ಹೊಣೆ ನಮ್ಮ ಮನೆಯವರದು. ಅವರು ಹೆಂಡತಿಯ ಅಣ್ಣನ ಕುರಿಗಳನ್ನು ಹೊಡೆದುಕೊಂಡು ಹೋಗಿ ಕೊಂಡವಾಡದಲ್ಲಿ ಕೂಡಿದರು. ಕೊಂಡವಾಡ ಅಂದರೆ ಬೆಳೆ ಮೇದ ದನ-ಕುರಿ ಕೂಡಿಹಾಕುವ, ಮೇಲೆ ಮಾಡಿಲ್ಲದ ನಾಲ್ಕು ಗೋಡೆ. ಒಳಗೆ ನೀರಿನ ದೋಣಿ ಒಡೆದು ಯಾವುದೋ ಕಾಲವಾಗಿತ್ತು. ಅಂದು ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಸಂಜೆ ಬಾಗಿಲು ತೆಗೆದಾಗ ಅಣ್ಣ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕರಿ ಟಗರು ಸತ್ತು ಬಿದ್ದಿತ್ತು.

ಚಾವಡಿಯ ಮುಂದೆ ಊರೇ ಕೂಡಿತು. "ಒಂದ್ ತಾಸ್ ಬಿಡು, ನೀರ ಕುಡಿಸಿ ತಂದ ಕೂಡತೇನಿ ಅಂದ್ನಿ. ಬಿಡಲಿಲ್ಲ," ಅಂದ ಅಣ್ಣ. "ಇವ ನನ್ನ ತಂಗಿ ಗಂಡಲ್ಲ. ಕಟುಕ."

"ಬೀಗರಂತ ಬಿಟ್ರ ನಾಳಿ ಊರ ನನ್ನ ಮಾರಿ ಮ್ಯಾಲ ಉಗುಳತೈತಿ," ಅಂದರು ಇವರು. "ಬೆಳಿ ತಿಂದ ಕುರಿ ಯಾರದಾದ್ರೇನ?"

ಅಣ್ಣ ಸೊಂಟದ ಚೀಲದಿಂದ ದೇವರ ಭಂಡಾರ ತೆಗೆದು ಮುಷ್ಟಿಯಲ್ಲಿ ಹಿಡಿದ. ಕುರಿ ಕಾಯುವವರಿಗೆ ಆ ಅರಿಸಿನದ ಪುಡಿಗಿಂತ ದೊಡ್ಡ ಸಾಕ್ಷಿ ಇಲ್ಲ. "ಈ ಭಂಡಾರದ ಆಣಿ. ಇವನ ಕೂಡ ಒಂದ್ ಮಾತ ಆಡಿದ್ರ ನನ್ನ ಹಿಂಡ ಹಾಳಾಗಿ ಹೋಗ್ಲಿ." ಇವರೂ ಬಿಡಲಿಲ್ಲ, ಅದೇ ಚೀಲಕ್ಕೆ ಕೈಹಾಕಿ, "ನಂದೂ ಅದ ಆಣಿ," ಅಂದರು.

ಟಗರಿಗೆ ನೀರು ಕೊಡದ್ದು ತಪ್ಪು. ಪರರ ಸಜ್ಜೆಗೆ ಹಿಂಡು ನುಗ್ಗುವಾಗ ಅಣ್ಣ ಮಲಗಿದ್ದದ್ದೂ ತಪ್ಪು. ಇಬ್ಬರಿಗೂ ನಾನು ಅದನ್ನೇ ಹೇಳಿದೆ, ಇಬ್ಬರೂ ನನ್ನನ್ನು ಪರರ ಕಡೆಯವಳು ಅಂದರು.

ಆಮೇಲೆ ಶುರುವಾಯಿತು ನನ್ನ ಕೆಲಸ. ಮಳೆಯಿಂದಾಗಿ ಅಣ್ಣನ ಹಟ್ಟಿ ಊರ ಪಕ್ಕದಲ್ಲೇ ಉಳಿದಿತ್ತು. ಅವನು ಬಾಗಿಲ ಹೊರಗೆ ನಿಂತು, "ನೀಲಾ, ಹೇಳು ನಿನ್ನ ಗಂಡಗ, ಹಳ್ಳಕ್ಕ ನೀರ ಬಂದೈತಿ, ಎತ್ತ ಆ ಕಡಿ ಹೊಡಿಬ್ಯಾಡ ಅಂತ," ಅನ್ನುತ್ತಿದ್ದ. ಒಳಗೆ ಮೂರು ಮಾರು ದೂರದಲ್ಲಿ ಕೂತ ಇವರು, "ಹೇಳು ನಿಮ್ಮಣ್ಣಗ, ನಮ್ಮ ಊರ ಹಳ್ಳ ನಮಗ ಗೊತ್ತೈತಿ ಅಂತ," ಅನ್ನುತ್ತಿದ್ದರು. ಇಬ್ಬರ ದನಿಯೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ನಾನು ಹೇಳುವವರೆಗೆ ಇಬ್ಬರೂ ಕಿವುಡರಂತೆ ಕಾಯುತ್ತಿದ್ದರು, ಯಾಕೆಂದರೆ ನೇರ ಕೇಳಿಸಿಕೊಂಡು ನಡೆದರೂ ಆಣೆ ಮುರಿದಂತೆ. ನಡುವೆ ಕೂತ ನನ್ನ ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು.

ಕಾರ್ತಿಕ ಹತ್ತಿರ ಬಂತು. ನಮ್ಮ ಮಾವ, ಅಂದರೆ ಇವರ ಅಪ್ಪ, ಗುಡ್ಡದ ಹಿರಿಯ ಪೂಜಾರಿ, ಪಡಸಾಲೆಯಲ್ಲಿ ಕೂತು ಹೇಳಿದರು: "ಈ ಸಲ ಸಿದ್ದನ ಸರದಿ. ಏರಲಿಲ್ಲಂದ್ರ ಪೂಜಿ ಹಕ್ಕ ದೊಡ್ಡಪ್ಪನ ಮನಿಗಿ ಹೋಗ್ತೈತಿ."

"ಏರ್ಲಿ ಬಿಡ್ರಿ ಮಾವಾರ. ಹಗ್ಗ ಮಾತ್ರ ಬ್ಯಾರೆಯವರ ಕೈಯಾಗ ಕೊಡ್ರಿ," ಅಂದೆ.

"ತವರಿನ ಹಗ್ಗ ಯಾಕಂತ ಮಾಡ್ಯಾರ, ತಿಳದೈತೇನ ನಿನಗ? ತಂಗಿ ಕುಂಕುಮ ಅಳಿಸೂವಂಗ ಯಾವ ಅಣ್ಣನೂ ಕೈ ಬಿಡೂದಿಲ್ಲ."

"ನಮ್ಮಣ್ಣಗ ನನ್ನ ಕುಂಕುಮಕ್ಕಿಂತ ಟಗರ ಹೆಚ್ಚಿಗಿತ್ರಿ."

ಇವರು ಗೋಡೆಗೆ ಒರಗಿದ್ದವರು ಎದ್ದು ಕೂತರು. "ಅವನ ಹಿಡೀಲಿ. ಹೆದರಿದ ಅಂತ ಅನಿಸ್ಕೊಳ್ಳಾಕ ನಾ ತಯಾರಿಲ್ಲ." ಹಟ್ಟಿಗೆ ಹೋಗಿ ಅಣ್ಣನನ್ನು ಕೇಳಿದರೆ ಅವನದೂ ಅದೇ ರಾಗ: "ತವರಿನ ಹಗ್ಗ ತಪ್ಪಿಸಿದ ಅಂತ ನನ್ನ ಮ್ಯಾಲ ಬರಬಾರದು. ಹಿಡೀತೇನಿ." ಇಬ್ಬರಿಗೂ ಅವರವರ ಮರ್ಯಾದೆ ಉಳಿಯಬೇಕಿತ್ತು. ಹಗ್ಗ ಕೈ ತಪ್ಪಿದರೆ ನಾನು ಗಂಡ ಸತ್ತವಳು, ಅಣ್ಣ ಬರದೇ ಹೋದರೆ ತವರು ಸತ್ತವಳು. ಈ ಲೆಕ್ಕ ಮಾಡುವ ಕೆಲಸ ಮಾತ್ರ ನನಗೆ ಬಿಟ್ಟಿದ್ದರು.

ಇನ್ನೊಂದು ತೊಡಕಿತ್ತು. ಏರುವವನು ಕೂಗಬೇಕು, ಕೆಳಗಿನವನು ಕೇಳಬೇಕು. ಸಡ್ಲ ಅಂದರೆ ಹಗ್ಗ ಸಡಿಲ ಬಿಡಬೇಕು, ಬಿಗಿ ಅಂದರೆ ಬಿಗಿಯಬೇಕು. ಮಾತು ಬಿಟ್ಟವರು ಕೂಗುವುದು ಹೇಗೆ? ದೀಪ ಹತ್ತುವವರೆಗೆ ಹಿರಿಯ ಪೂಜಾರಿಗೆ ಮೌನ, ಹಾಗಾಗಿ ಮಾವ ಬಾಯಿ ಬಿಡುವಂತಿಲ್ಲ. ಊರ ಗಂಡಸರನ್ನು ಕೇಳಿದರೆ ಒಬ್ಬೊಬ್ಬರಿಗೂ ಅಂದೇ ಬೇರೆ ಕೆಲಸ. ನಾಳೆ ಹೆಚ್ಚುಕಡಿಮೆಯಾದರೆ ಹೇಳಿದವನ ತಲೆಗೆ ಬರುತ್ತದಲ್ಲ. ಕಡೆಗೆ ಮಾವ ನನ್ನ ಕಡೆ ತಿರುಗಿದರು. ಹೆಣ್ಣುಮಕ್ಕಳು ಆ ಬಂಡೆಯ ಬುಡಕ್ಕೆ ಕಾಲಿಡಬಾರದೆಂದು ಮದುವೆಯಾದ ವಾರದಲ್ಲೇ ನನ್ನನ್ನು ಗದರಿಸಿದ್ದವರು ಅವರೇ. "ನೀ ಬಾ," ಅಂದರು.

"ನನ್ನ ಕಾಲ ಬರಬಾರದು, ಬಾಯಿ ಬರ್ಲಿ ಅಂದ್ರ ಹ್ಯಾಂಗ್ರಿ?" ಅಂದೆ. ಅವರು ಕೋಲೂರಿ ಎದ್ದು ಹೊರಗೆ ಹೋದರು. ಅಮಾವಾಸ್ಯೆಗೆ ಮೊದಲೇ ಮೌನ ಹಿಡಿದರು ಅಂದುಕೊಂಡೆ.

ಮರುದಿನ ಹಟ್ಟಿಗೆ ಹೋದೆ. ಹಳ್ಳದ ಮಡುವಿನಿಂದ ಪುಂಡಿಯ ಹೊರೆ ಎತ್ತಿ ತಂದಿದ್ದರು. ಅಣ್ಣ ಕೊಳೆತ ಸಿಪ್ಪೆ ಸುಲಿದು, ತೊಳೆದು, ಒಣಗಿದ ನಾರನ್ನು ತೊಡೆಯ ಮೇಲೆ ಹೊಸೆಯುತ್ತ ಕೂತಿದ್ದ. ಆ ನಾತ ಹಟ್ಟಿ ತುಂಬ ಹರಡಿತ್ತು. ಹೊಸೆದ ಹಗ್ಗ ನೋಡಿದೆ. ಬಿಳಿ ನಾರಿನ ನಡುವೆ ಒಂದು ಕರಿ ಎಳೆ ಓಡಿತ್ತು.

"ಏನಿದು?"

"ಉಣ್ಣಿ. ಟಗರಿಂದು. ಸಾಯೂಕ್ಕಿಂತ ಮೊದಲ ಕತ್ತರಿಸಿದ್ದು."

"ಹಗ್ಗದಾಗ ಉಣ್ಣಿ ಸೇರಿಸಿದ್ರ ಮೆತ್ತಗ ಆಗೂದಿಲ್ಲೇನ?"

ಅವನು ತಲೆ ಎತ್ತಲಿಲ್ಲ. "ಹೇಳು ನಿನ್ನ ಗಂಡಗ, ಟಗರನೂ ಗುಡ್ಡಕ್ಕ ಬರತೈತಿ ಅಂತ."

ನನಗೆ ಮೈ ಉರಿಯಿತು. ಹಗ್ಗದ ತುದಿ ಹಿಡಿದು, ಕಾಲು ಕಲ್ಲಿಗೆ ಒತ್ತಿ, ಇದ್ದ ಬಲವೆಲ್ಲ ಹಾಕಿ ಜಗ್ಗಿದೆ. ಹಗ್ಗ ತಡೆಯಿತು, ಅಣ್ಣನೂ ಕದಲಲಿಲ್ಲ. ಆದರೆ ನಾನೊಬ್ಬಳು ಜಗ್ಗುವುದಕ್ಕೂ ಬೀಳುವ ಗಂಡಸಿನ ಭಾರಕ್ಕೂ ವ್ಯತ್ಯಾಸವಿಲ್ಲವೇ? ಮನೆಗೆ ಬಂದು ಕರಿ ಎಳೆಯ ವಿಷಯ ಹೇಳಿದೆ. ಉಣ್ಣುತ್ತಿದ್ದ ಇವರು ಇನ್ನೊಂದು ರೊಟ್ಟಿ ಕೇಳಿದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂಡೆಯ ಬುಡದಲ್ಲಿದ್ದೆವು. ಮೂಡಣ ಮೈಗೆ ನೆರಳು ಬಂದಿತ್ತು, ಕಲ್ಲು ಮಾತ್ರ ಇನ್ನೂ ಬಿಸಿಯಾಗಿತ್ತು. ಊರ ಗಂಡಸರು ದೂರದಲ್ಲಿ ಸಾಲಾಗಿ ಕೂತಿದ್ದರು. ಇವರು ಬರಿಗಾಲು, ಕಾಸೆ ಬಿಗಿದ ಧೋತರ, ಸೊಂಟಕ್ಕೆ ಮಡಚಿದ ಕಂಬಳಿಯ ತುಂಡು, ಅದರ ಮೇಲೆ ಹಗ್ಗದ ಗಂಟು. ಬೆನ್ನಿಗೆ ಎಣ್ಣೆಯ ಗಿಂಡಿ ಮತ್ತು ಬತ್ತಿ. ಕೈ ಬೆವರದಂತೆ ಅಂಗೈಗೆ ಭಂಡಾರ ತಿಕ್ಕಿಕೊಂಡರು. ಅಣ್ಣ ಬುಡದ ಸಂದಿನಲ್ಲಿ ಕಾಲೂರಿ, ಹಗ್ಗವನ್ನು ಬೆನ್ನ ಹಿಂದಿನಿಂದ ಸುತ್ತಿ ಹಿಡಿದು ನಿಂತ. ಅಲ್ಲಿಂದ ಅವನಿಗೆ ಅತ್ತಿಕಲ್ಲಿನ ಆಚೆ ಏನೂ ಕಾಣುತ್ತಿರಲಿಲ್ಲ. ಇಬ್ಬರೂ ಕಾಣುವಂತೆ ಎದುರಿನ ಗುಂಡುಗಲ್ಲಿನ ಮೇಲೆ ನನ್ನನ್ನು ನಿಲ್ಲಿಸಿದರು.

ಕೆಳಗಿನ ಅಗಲ ಬಿರುಕಿನಲ್ಲಿ ಇವರು ಒಂದು ಪಕ್ಕದ ಭುಜ, ಮೊಣಕಾಲು ಒಳಗೆ ತುರುಕಿ ತೆವಳಿಕೊಂಡು ಹೋದರು. ಅತ್ತಿಕಲ್ಲಿನ ಮೇಲೆ ನಿಂತು ಗಂಟು ಬಿಚ್ಚಿ, ಹಗ್ಗ ತೂರಿಸಿ, ಮತ್ತೆ ಕಟ್ಟಿಕೊಂಡರು. ಗಂಟು ಬಿಚ್ಚಿದ ಆ ಹೊತ್ತಿನಲ್ಲಿ ಅವರಿಗೆ ಈ ಲೋಕದ ಯಾವ ಆಸರೆಯೂ ಇರಲಿಲ್ಲ. ಅಲ್ಲಿಂದ ಮೇಲೆ ಕೈ ತೂರಿಸುವ ಸಂದು. ಒಂದು ಕೈ ಒಳಗೆ, ಉಬ್ಬಿಸು, ಕಾಲು ತಿರುಚು, ಏಳು, ಇನ್ನೊಂದು ಕೈ. ಭಂಡಾರದ ಹಳದಿ ಗುರುತಿನ ಜೊತೆ ಕೆಂಪು ಗುರುತೂ ಬಂಡೆಯ ಮೇಲೆ ಮೂಡತೊಡಗಿತು.

"ಹೇಳು ನಿಮ್ಮಣ್ಣಗ, ಸಡ್ಲ ಬಿಡು ಅಂತ."

"ಅಣ್ಣಾ, ಸಡ್ಲ ಬಿಡಂತ."

ಆಗ ಹಗ್ಗ ಮೇಲಕ್ಕೆ ಹರಿಯುತ್ತಿತ್ತು. ಅಲ್ಲಿಯವರೆಗೆ ಹೇಗೋ ನಡೆಯಿತು. ಸೊಸಿಕಲ್ಲಿಗೆ ಮುಟ್ಟಿ ಅಲ್ಲೂ ಹಗ್ಗ ತೂರಿಸಿದರು. ಇನ್ನು ಹೊಟ್ಟಿ. ಅಲ್ಲಿ ಬೆರಳು ತುದಿ ಮಾತ್ರ ಬಿರುಕಿನೊಳಗೆ, ಕಾಲಿಗೆ ಉಗುರಷ್ಟು ಅಂಚು. ನಿಂತು ಯೋಚಿಸುವ ಜಾಗವಲ್ಲ, ಒಂದೇ ಉಸಿರಿಗೆ ದಾಟಬೇಕು. ದಪ್ಪ ಹಗ್ಗ ಎರಡು ಕಲ್ಲಿನ ಹಿಂದೆ ಉಜ್ಜಿಕೊಂಡು ಬರುತ್ತಿದ್ದರಿಂದ ಇವರನ್ನು ಕೆಳಕ್ಕೆ ಜಗ್ಗತೊಡಗಿತ್ತು.

"ಹೇಳು ನಿಮ್ಮಣ್ಣಗ, ಸಡ್ಲ!"

"ಅಣ್ಣಾ, ಸಡ್ಲಂತ!"

"ಎಷ್ಟಂತ ಕೇಳು ನಿನ್ನ ಗಂಡಗ."

"ಎಷ್ಟ ಬೇಕಂತರೀ?"

ಅಷ್ಟರಲ್ಲಿ ಇವರು ಒಂದು ಹಿಡಿತ ಕೆಳಗೆ ಬಂದಿದ್ದರು. "ಈಗ ಬ್ಯಾಡ, ಬಿಗಿ ಹಿಡಿ ಅನ್ನು!" ನಾನು ಬಿಗಿ ಅನ್ನುವುದರೊಳಗೆ ಅಣ್ಣ ಸಡಿಲ ಬಿಟ್ಟಿದ್ದ. ಬಿಗಿದುಕೊಂಡ. ಬಿಗಿದಾಗ ಇವರು ಮತ್ತೆ ಮೇಲೆ ಕೈ ಹಾಕಿದ್ದರು, ಜಗ್ಗಿದ ಹಗ್ಗ ಅವರನ್ನು ಬಂಡೆಯಿಂದ ಕಿತ್ತೇ ಬಿಡುತ್ತಿತ್ತು. "ಕೊಲ್ಲಬೇಕಂತ ಮಾಡ್ಯಾನೇನ ಕೇಳು ನಿಮ್ಮಣ್ಣಗ!" ಅಂತ ಮೇಲಿನಿಂದ. "ಏರಾಕ ಬರ್ತೈತೋ ಇಲ್ಲೋ ಕೇಳು ನಿನ್ನ ಗಂಡಗ!" ಅಂತ ಕೆಳಗಿನಿಂದ. ಎರಡೂ ಮಾತನ್ನು ನಾನು ಹೇಳಬೇಕು. ಇಬ್ಬರಿಗೂ ಆಗಲೇ ಕೇಳಿಸಿದ ಮಾತನ್ನು, ಒಂದು ಜೀವ ಬೆರಳ ತುದಿಯಲ್ಲಿ ನೇತಾಡುತ್ತಿರುವಾಗ, ಮತ್ತೊಮ್ಮೆ ಹೇಳಬೇಕು.

ನನ್ನ ತಲೆಯಲ್ಲಿ ಏನೋ ಕಡಿದುಹೋಯಿತು. "ಇಬ್ರೂ ಕೇಳ್ರಿ," ಅಂತ ಚೀರಿದೆ. "ನನ್ನ ಬಾಯಿ ಮುಗೀತು. ಬದುಕೂದಿದ್ರ ಮಾತಾಡ್ರಿ. ಇಲ್ಲಂದ್ರ ಸಾಯ್ರಿ."

ಗುಂಡಿನ ಮೇಲೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾವ ಮೌನದಲ್ಲೇ ಕೋಲು ಎತ್ತಿ ನನ್ನ ಕಡೆ ಝಳಪಿಸಿದರು. ಸಾಲಾಗಿ ಕೂತ ಗಂಡಸರು ಎದ್ದು ನಿಂತರು, ಒಬ್ಬನೂ ಒಂದು ಹೆಜ್ಜೆ ಮುಂದೆ ಬರಲಿಲ್ಲ. ಮೇಲಿನಿಂದ "ನೀಲಾ, ಹೇಳ..." ಅಂತ ಒಂದು ಸಲ ಕೇಳಿತು. ನಾನು ಹೇಳಲಿಲ್ಲ. ಆ ಗಳಿಗೆ ನನ್ನ ಗಂಡನ ಮೇಲೆ ನನಗಿದ್ದಷ್ಟು ದ್ವೇಷ ಅಣ್ಣನಿಗೂ ಇದ್ದಿರಲಿಕ್ಕಿಲ್ಲ. ಅವರು ಸಾಯುತ್ತಾರೆ ಎಂಬ ಹೆದರಿಕೆಯೂ ಅಷ್ಟೇ ಇತ್ತು, ಎರಡೂ ಒಂದೇ ಜಾಗದಲ್ಲಿ ಉರಿಯುತ್ತಿದ್ದವು.

ಕಾಲು ಜಾರಿತು. ಮೊದಲು ಹರಳು ಮಣ್ಣು ಉದುರಿತು, ಆಮೇಲೆ ಅವರು. ಸೊಸಿಕಲ್ಲಿನ ಕೆಳಗೆ ಬಂದು ಹಗ್ಗ ಬಿಗಿದು ಬಂಡೆಗೆ ಬಡಿದರು. ಕೆಳಗೆ ಅಣ್ಣನನ್ನು ಹಗ್ಗ ಎಳೆದು ಬಂಡೆಗೆ ಒಗೆಯಿತು. ಹಣೆ ಒಡೆಯಿತು. ಹಗ್ಗ ಅಂಗೈಯಲ್ಲಿ ಸುಯ್ಯೆಂದು ಸ್ವಲ್ಪ ಓಡಿ, ನಿಂತಿತು. ಅವನು ಬಿಡಲಿಲ್ಲ. ಎಣ್ಣೆಯ ಗಿಂಡಿಯಿಂದ ನಾಲ್ಕು ಹನಿ ಕೆಳಗೆ ಬಿದ್ದ ಸದ್ದು ಕೂಡ ನನಗೆ ಕೇಳಿಸಿತು.

"ಏ ಕಟುಕಾ!" ಅಂತ ಅಣ್ಣ ಕೂಗಿದ. ನನ್ನ ಕಡೆಗಲ್ಲ, ಮೇಲಕ್ಕೆ. "ಸತ್ತ್ಯೇನೋ?"

ಬಿಗಿದ ಹಗ್ಗ ಒಮ್ಮೆ ಅಲುಗಿತು. ಆಮೇಲೆ ಮೇಲಿನಿಂದ ಉಸಿರಿಲ್ಲದ ದನಿ ಬಂತು: "ನಿನ್ನ ಮಣ್ಣ ಮಾಡೂ ತನಕ ಸಾಯೂದಿಲ್ಲೋ, ಕಿವುಡಾ!"

"ಹಂಗಾರ ಏರೋ, ಹಲ್ಕಟ್! ಹೆಣಾ ಹಿಡ್ಕೊಂಡ ನಿಂತಾಂಗ ಆಗೈತಿ ನನಗ!"

"ಸಡ್ಲ ಬಿಟ್ರ ಏರತೇನಿ. ಬಿಡೋ!"

"ಬಿಟ್ಟೇನೋ, ಕಟುಕಾ! ಏರು!"

ಹೀಗೆ ಏರಿದರು. ಒಂದೊಂದು ಕೈಗೂ ಒಂದೊಂದು ಬೈಗುಳ. ಮನೆತನ, ಹುಟ್ಟು, ಟಗರು, ಸಜ್ಜೆ, ಮದುವೆಯಲ್ಲಿ ಕೊಟ್ಟ ಹರಕು ರುಮಾಲು, ಒಂದನ್ನೂ ಬಿಡಲಿಲ್ಲ. ಆದರೆ ಸಡ್ಲ ಅಂದ ಕೂಡಲೇ ಸಡ್ಲ, ಬಿಗಿ ಅಂದ ಕೂಡಲೇ ಬಿಗಿ. ಹೊಟ್ಟಿ ದಾಟುವಾಗ ಇವರು ಬೈಯುವುದನ್ನು ನಿಲ್ಲಿಸಿದರು. ಅಣ್ಣನೂ ನಿಲ್ಲಿಸಿ, ತಲೆ ಮೇಲೆತ್ತಿ, ಕಾಣದ ಜಾಗವನ್ನೇ ನೋಡುತ್ತ, ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಿದ್ದ. ಹಗ್ಗದ ಕರಿ ಎಳೆ ಅವನ ರಕ್ತದ ಕೈಯಿಂದ ಜಾರಿ ಮೇಲೆ ಹೋಗುವುದನ್ನು ನಾನು ನೋಡಿದೆ.

ಹೊತ್ತು ಮುಳುಗುವಾಗ ದೀಪ ಹತ್ತಿತು. ಮಾವ ಮೌನ ಮುರಿದು ಮೊದಲು ಆಡಿದ ಮಾತು ದೇವರ ಹೆಸರಲ್ಲ, ನನಗೆ ಬೈದದ್ದು. ಇವರು ಮೇಲಿನ ಕಲ್ಲಿಗೆ ಹಗ್ಗ ಬಳಸಿ ಮಬ್ಬುಗತ್ತಲಾಗುವ ಮೊದಲೇ ಇಳಿದು ಬಂದರು. ಪಕ್ಕೆಲುಬಿನ ಮೇಲೆ ಹಗ್ಗದ ಬರೆ ಎದ್ದಿತ್ತು. ಅಣ್ಣನ ಎರಡೂ ಅಂಗೈಯಲ್ಲಿ ಚರ್ಮವಿರಲಿಲ್ಲ. ಇಬ್ಬರೂ ಮಾರುದ್ದ ದೂರದಲ್ಲಿ ನಿಂತರು. ಈಗಲಾದರೂ ಏನಾದರೂ ಅಂದಾರು ಅಂತ ನಾನು ಕಾದೆ. ಅಣ್ಣ ಹಗ್ಗ ಸುತ್ತಿಕೊಂಡು ಹೆಗಲಿಗೆ ಹಾಕಿದ, ಏರಿದ ಹಗ್ಗ ತವರಿಗೆ ಮರಳಬೇಕು ಅನ್ನುವುದೂ ಪದ್ಧತಿಯೇ.

"ಹೇಳು ನಿನ್ನ ಗಂಡಗ," ಅಂತ ಶುರು ಮಾಡಿದ.

"ನೀನ ಹೇಳು," ಅಂದೆ.

ಅವನು ತಿರುಗಿ ಇಳಿಜಾರು ಇಳಿದು ಹೋದ.

ಮುಂದೆ ನಾನು ತವರಿಗೆ ಹೋದಾಗ ಕೇಳಿದೆ, "ಆಣಿ ಮುರದಿ, ಹಿಂಡಿಗೇನಾತು?" ಅಂತ. ಅವನು ಹುಬ್ಬು ಗಂಟಿಕ್ಕಿದ. "ಎಲ್ಲಿ ಮುರದೇನಿ? ಬೈದೇನಿ. ಮಾತಾಡಿಲ್ಲ." ಇವರನ್ನು ಕೇಳಿದರೂ ಇದೇ ಉತ್ತರ. ದೇವರೂ ಅದನ್ನು ಒಪ್ಪಿಕೊಂಡಿರಬೇಕು, ಹಿಂಡಿಗೆ ಏನೂ ಆಗಲಿಲ್ಲ.

ಅಣ್ಣ ಆಮೇಲೆ ಹಿಂಡನ್ನು ಬೇರೆ ದಾರಿಯಿಂದ ಹೊಡೆದ, ನಮ್ಮ ಊರಿಗೆ ಬರಲಿಲ್ಲ. ಪಂಚಮಿಗೆ ನನ್ನನ್ನು ಕರೆಯಲು ಊರ ಹೊರಗಿನ ಬಸ್ಸಿನ ತನಕ ಯಾರನ್ನಾದರೂ ಕಳಿಸುತ್ತಿದ್ದ. ಇವರು ನನ್ನ ತವರಿನ ಹೊಸ್ತಿಲು ತುಳಿಯಲಿಲ್ಲ. ಮಕ್ಕಳ ಮದುವೆಗಳಲ್ಲಿ ಇಬ್ಬರೂ ಚಪ್ಪರದ ಎರಡು ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನಾನು ಯಾರ ಮಾತನ್ನೂ ಯಾರಿಗೂ ಹೇಳಲಿಲ್ಲ. ಅಂದು ಬಂಡೆಯ ಎದುರು ಬಾಯಿ ಮುಚ್ಚಿದ್ದಕ್ಕೆ ಊರು ನನ್ನನ್ನು ಬಹಳ ಕಾಲ ಗಂಡನನ್ನು ಕೆಡವಿದವಳು ಅಂದಿತು. ಅನ್ನಲಿ. ನಾನು ಇನ್ನೂ ಹೇಳುತ್ತ ನಿಂತಿದ್ದರೆ ಅವರು ಇನ್ನೂ ಮೇಲಿನಿಂದ ಬೀಳುತ್ತಿದ್ದರು, ಹಿಡಿಯುವ ಕೈ ನನ್ನ ಅಪ್ಪಣೆಗಾಗಿ ಕಾಯುತ್ತ ನಿಂತಿರುತ್ತಿತ್ತು. ಇದರಲ್ಲಿ ನನಗೆ ಸಂಶಯವಿಲ್ಲ.

ಕೆಲವು ವರ್ಷಗಳ ಹಿಂದೆ ಇವರು ತೀರಿಕೊಂಡರು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಗುಡ್ಡದ ಕೆಳಗಿನ ನಮ್ಮ ಹೊಲದಲ್ಲೇ ಕುಣಿ ತೋಡಿದ್ದರು. ಹೆಣ್ಣುಮಕ್ಕಳು ಬರಬಾರದು ಅಂತ ಯಾರೋ ಅಂದರು, ನಾನು ಅವರ ಮುಖ ನೋಡಿದೆ, ಆಮೇಲೆ ಯಾರೂ ಅನ್ನಲಿಲ್ಲ. ಇಳಿಸಲು ಪ್ಲಾಸ್ಟಿಕ್ ಹಗ್ಗ ತಂದಿಟ್ಟಿದ್ದರು. ಆಗ ಬದುವಿನ ಮೇಲೆ ಅಣ್ಣ ಬಂದ. ಬೆನ್ನು ಬಾಗಿತ್ತು, ಹೆಗಲ ಮೇಲೆ ಹಗ್ಗವಿತ್ತು. ಜಂತಿಯಲ್ಲಿ ತೂಗಿ ಹೊಗೆ ಹಿಡಿದು ಇಡೀ ಹಗ್ಗವೇ ಕಪ್ಪಾಗಿತ್ತು, ಅದರಲ್ಲಿ ಟಗರಿನ ಎಳೆ ಯಾವುದೋ ತಿಳಿಯುತ್ತಿರಲಿಲ್ಲ.

"ಹಳೇದೈತಿ, ತಡಿಯೂದಿಲ್ಲ ಮಾವಾ," ಅಂದ ನನ್ನ ಮಗ.

"ತಡದೈತಿ," ಅಂದ ಅಣ್ಣ. ಹಗ್ಗದ ಒಂದು ತುದಿಯನ್ನು ಇವರ ಸೊಂಟದ ಕೆಳಗಿನಿಂದ ಹಾಯಿಸಿದ. ಇನ್ನೊಂದನ್ನು, ಅಂದಿನಂತೆಯೇ, ತನ್ನ ಬೆನ್ನ ಹಿಂದಿನಿಂದ ಸುತ್ತಿ ಹಿಡಿದ. ತಲೆಯ ಕಡೆ, ಕಾಲ ಕಡೆ ಹುಡುಗರು ಹಿಡಿದರು. ಕುಣಿಯ ಬಾಯಿಗೆ ಬಂದಾಗ ಅವನು ನಿಂತ. ಕೈಯಲ್ಲಿ ಹಳೆಯ ಗಾಯದ ಹೊಳಪು ಕಾಣುತ್ತಿತ್ತು.

"ನೀಲಾ," ಅಂದ. "ಹೇಳು ನಿನ್ನ ಗಂಡಗ. ಸಡ್ಲ ಬಿಡಾಕತ್ತೇನಿ ಅಂತ ಹೇಳು."

ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದೆ. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. "ನನ್ನ ಬಾಯಿ ಅವತ್ತ ಮುಗದೈತಿ, ಅಣ್ಣಾ. ನೀನ ಹೇಳು."

ಎಲ್ಲರೂ ಕಾದರು. ಅವನು ಹಗ್ಗವನ್ನು ಅಂಗೈಯಲ್ಲಿ ಇನ್ನಷ್ಟು ಬಿಗಿದುಕೊಂಡ. ಆಮೇಲೆ ಕುಣಿಯ ಕಡೆ ಬಗ್ಗಿದ.

"ಬಿಟ್ಟೇನೋ, ಕಟುಕಾ," ಅಂದ. "ಹೋಗು."

ಹಗ್ಗವನ್ನು ಗೇಣು ಗೇಣಾಗಿ ಬಿಟ್ಟ.